ಅಕ್ಕನ ರಕ್ತದಲ್ಲಿ ಇಲ್ಲದ್ದು

ಫ್ರಿಜ್ಜಿನ ಕೆಳಗಿನ ಅರೆಯಲ್ಲಿದ್ದ ಹಳೆಯ ಟ್ಯೂಬುಗಳನ್ನು ಅವಳು ಒಂದೊಂದಾಗಿ ಎತ್ತಿ, ಚೀಟಿ ನೋಡಿ, ಹಳದಿ ಚೀಲಕ್ಕೆ ಹಾಕುತ್ತಿದ್ದಳು. ಲ್ಯಾಬಿನಲ್ಲಿ ವಾರಕ್ಕೊಮ್ಮೆ ಮಾಡುವ ಕೆಲಸ. ರಿಪೋರ್ಟ್ ಹೋದ ಮೇಲೂ ರಕ್ತವನ್ನು ಕೆಲವು ದಿನ ಇಟ್ಟುಕೊಂಡಿರಬೇಕು, ಯಾರಾದರೂ ಅನುಮಾನಪಟ್ಟು ಮತ್ತೆ ನೋಡಿ ಎಂದರೆ ಇರಲಿ ಅಂತ. ಯಾರೂ ಕೇಳದಿದ್ದರೆ ಎಸೆಯಬೇಕು. ಗ್ಲೌಸಿನೊಳಗೆ ಬೆರಳು ಮರಗಟ್ಟಿದ್ದವು. ಒದ್ದೆ ಬಟ್ಟೆಯಿಂದ ಅರೆ ಒರೆಸಿದಳು, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದಳು, ಮುಂದಿನ ಸಾಲಿಗೆ ಕೈ ಹಾಕಿದಳು.

ಒಂದು ಟ್ಯೂಬು ಕೈಯಲ್ಲೇ ಉಳಿಯಿತು.

ಅದು ಫ್ರಿಜ್ ರಿಪೇರಿಯವನ ಅಕ್ಕನ ರಕ್ತ.

ಚೀಲದ ಬಾಯಿ ತೆರೆದೇ ಇತ್ತು. ಹಾಕಿಬಿಟ್ಟರೆ ಮುಗಿಯಿತು. ಕೇಳುವವರಿರಲಿಲ್ಲ, ಹೇಳುವವರೂ ಇರಲಿಲ್ಲ. ಅವಳು ಟ್ಯೂಬನ್ನು ಬೆಳಕಿಗೆ ಹಿಡಿದಳು. ಕೆಳಗೆ ಕೆಂಪು ಕೂತು, ಮೇಲೆ ತಿಳಿಯಾದ ಹಳದಿ ನಿಂತಿತ್ತು. ಅದನ್ನು ಚೀಲಕ್ಕೆ ಹಾಕಲಿಲ್ಲ. ಮೇಲಿನ ಅರೆಯಲ್ಲಿ, ಎದ್ದು ಕಾಣುವ ಜಾಗದಲ್ಲಿ ಇಟ್ಟಳು.

ನಿನ್ನೆ ಅವನು ಬಂದಿದ್ದ. ಇದೇ ಫ್ರಿಜ್ಜಿನ ಹಿಂದೆ ಕೂತು, ಧೂಳು ತೆಗೆದು, ಅವಳತ್ತ ಒಮ್ಮೆಯೂ ನೋಡದೆ ಎದ್ದಿದ್ದ. ಹೊಸ್ತಿಲು ದಾಟುವಾಗ, ಬಾಗಿಲಿಗೆ ಹೇಳುವವನ ಹಾಗೆ ಹೇಳಿದ್ದ: "ಅಕ್ಕ ಮನೆ ಬಿಟ್ಟು ಹೋದ್ಳು."

ಅಷ್ಟೇ.

*

ಅವನ ಪರಿಚಯವಾದದ್ದು ಈ ಫ್ರಿಜ್ಜಿನಿಂದಲೇ. ಲ್ಯಾಬಿನ ಫ್ರಿಜ್ಜು ಮನೆಯ ಫ್ರಿಜ್ಜಿನ ಹಾಗಲ್ಲ. ಒಂದೆರಡು ಡಿಗ್ರಿ ಏರಿದರೆ ಸಾಕು, ಬೀದಿಗೆಲ್ಲ ಕೇಳುವಂತೆ ಕೂಗಿಕೊಳ್ಳುತ್ತದೆ. ಕೂಗಿದಾಗ ಮೆಕ್ಯಾನಿಕ್ಕಿಗೆ ಫೋನ್ ಮಾಡುವ ಕೆಲಸ ಹೇಗೋ ಅವಳ ತಲೆಗೆ ಬಂದಿತ್ತು. ಫೋನ್ ಎಂದರೆ ಅವಳ ಅಂಗೈ ಬೆವರುತ್ತಿತ್ತು. ರಕ್ತ ತೆಗೆಯುವ ಹೆಂಗಸು, ಎಲ್ಲರ ಬಾಯಲ್ಲಿ ಸೂಜಿಯಮ್ಮ, ಇವಳಿಗೆ ಸದ್ದಿಲ್ಲಮ್ಮ ಎಂದು ಹೆಸರಿಟ್ಟಿದ್ದಳು.

"ಏನಾಗಿದೆ ಮೇಡಂ ಇದಕ್ಕೆ?" ಮೊದಲ ದಿನ ಅವನು ಕೇಳಿದ್ದ.

"ಕೂಗುತ್ತೆ."

"ಯಾವಾಗಿಂದ?"

"ಬೆಳಿಗ್ಗೆಯಿಂದ."

"ಒಂದ್ಸಲ ಗದರಿ ನೋಡ್ಲಿಲ್ವಾ?"

ಅವಳು ತಲೆ ತಗ್ಗಿಸಿದಳು. ನಗು ಮಾಸ್ಕಿನೊಳಗೇ ಉಳಿಯಿತು ಎಂದುಕೊಂಡಳು. ಆದರೆ ಕಣ್ಣಿಗೆ ಮಾಸ್ಕ್ ಇರಲಿಲ್ಲ. ಅವನು ನೋಡಿಬಿಟ್ಟ.

ಆಮೇಲೆ ಫ್ರಿಜ್ಜಿಗೆ ಆಗಾಗ ಹುಷಾರು ತಪ್ಪತೊಡಗಿತು. ಒಂದು ದಿನ ಅವನು ಬಂದು, ಪೆಟ್ಟಿಗೆ ಬಿಚ್ಚದೆ, ಬಾಗಿಲ ಅಂಚನ್ನು ಬೆರಳಿನಿಂದ ಒತ್ತಿದ. ಕೂಗು ನಿಂತಿತು.

"ಕಾಯಿಲೆ ಗೊತ್ತಾಯ್ತು ಮೇಡಂ. ಬಾಗಿಲು ಸರಿಯಾಗಿ ಹಾಕಿಲ್ಲ."

"ಯಾರೋ ಮರೆತಿರ್ಬೇಕು."

"ಹೂಂ. ಯಾರೋ ಪದೇ ಪದೇ ಮರೀತಿದಾರೆ." ಅವನ ನೋಟ ಅವಳ ಕಿವಿಯ ಮೇಲಿತ್ತು. ಕಿವಿ ಕೆಂಪೇರುವುದು ಅವಳಿಗೇ ತಿಳಿಯುತ್ತಿತ್ತು. "ಅವ್ರಿಗೆ ಹೇಳಿ. ಇಷ್ಟು ಜನರ ರಕ್ತ ಬಿಸಿ ಮಾಡೋದು ಬೇಡ, ಸುಮ್ನೆ ಫೋನ್ ಮಾಡಿದ್ರೂ ಬರ್ತೀನಿ."

ಅವನು ಹೋದ ಮೇಲೆ ಸೂಜಿಯಮ್ಮ ಹತ್ತಿ ಸುತ್ತುತ್ತ ಹೇಳಿದಳು: "ಅಲ್ವೇ ಸದ್ದಿಲ್ಲಮ್ಮ, ನನ್ನ ಗಂಡ ಇಷ್ಟು ವರ್ಷದಲ್ಲಿ ಒಂದು ಬಲ್ಬ್ ಹಾಕಿಕೊಟ್ಟಿಲ್ಲ. ನಿನ್ನ ಪುಣ್ಯ ನೋಡು, ಕರೆದ್ರೆ ಬರ್ತಾನೆ, ಬಂದ್ರೆ ಹೋಗಲ್ಲ."

ಆ ದಿನದಿಂದ ಅವಳು ಫ್ರಿಜ್ಜಿನ ಬಾಗಿಲನ್ನು ಎರಡೆರಡು ಸಲ ಒತ್ತಿ ಮುಚ್ಚುತ್ತಿದ್ದಳು. ಮುಚ್ಚುವಾಗೆಲ್ಲ ನಾಚಿಕೆಯಾಗುತ್ತಿತ್ತು. ನಾಚಿಕೆಯ ಜೊತೆಗೆ ಇನ್ನೂ ಏನೋ.

*

ಅಕ್ಕನನ್ನು ಅವನೇ ಕರೆತಂದ. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ, ಓದಿಸಿ, ಕೆಲಸಕ್ಕೆ ಹಚ್ಚಿದವಳು. ನಲವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಔಷಧಿ ಪರೀಕ್ಷೆ ಮಾಡುವ ಒಂದು ಸಂಸ್ಥೆಯಲ್ಲಿ ಮೊಲ, ಇಲಿಗಳನ್ನು ನೋಡಿಕೊಳ್ಳುವ ಕೆಲಸ. ಅವಳು ಒಳಗೆ ಬಂದಾಗ ಒಣಹುಲ್ಲಿನ ವಾಸನೆ ಜೊತೆಯಲ್ಲೇ ಬಂತು. ಮುಂಗೈ ತುಂಬ ಸಣ್ಣ ಗೀರುಗಳು.

"ಮೊಲದ ಉಗುರು," ಸೂಜಿಯಮ್ಮನ ಮುಂದೆ ತೋಳು ಚಾಚುತ್ತ ಅಕ್ಕ ಹೇಳಿದಳು. "ಸೂಜಿ ನಂಗೇನೂ ಹೊಸದಲ್ಲ, ಚುಚ್ಚಿ." ಆಮೇಲೆ ಟ್ಯೂಬ್ ಹಿಡಿದು ನಿಂತಿದ್ದ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓ, ಆಗಾಗ ಕೆಡೋ ಫ್ರಿಜ್ ಇರೋ ಲ್ಯಾಬು ಇದೇನಾ? ನಮ್ಮನೆ ಫ್ರಿಜ್ಜು ಕೆಟ್ಟು ಕೂತಿದೆ ಕಣಮ್ಮ, ಇವನು ಅದರ ಕಡೆ ತಿರುಗಿಯೂ ನೋಡಲ್ಲ."

"ಅಕ್ಕಾ!" ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಏನೋ? ರಕ್ತ ಕೊಡೋವಾಗ ಮಾತಾಡ್ತಾ ಇರ್ಬೇಕು, ಇಲ್ಲಾಂದ್ರೆ ತಲೆ ಸುತ್ತುತ್ತೆ."

ಸುಸ್ತು ಎಂದು, ತಿಂಗಳ ಲೆಕ್ಕ ತಪ್ಪಿದೆ ಎಂದು, ಅವಳ ಡಾಕ್ಟರು ಹಾರ್ಮೋನುಗಳನ್ನೆಲ್ಲ ನೋಡಲು ಬರೆದಿದ್ದರು. ಈ ವಯಸ್ಸಿನ ಯಾವ ಹೆಂಗಸಿಗಾದರೂ ಬರೆಯುವಂಥದ್ದೇ. ಥೈರಾಯ್ಡು, ಅದು ಇದು, ಕೊನೆಗೆ ಗರ್ಭದ ಹಾರ್ಮೋನು.

ಅಕ್ಕ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವನು ಹಿಂದೆ ಬಂದ.

"ರಿಪೋರ್ಟ್ ಬಂದ ತಕ್ಷಣ ನಂಗೊಂದು ಮಾತು ಹೇಳ್ತೀರಾ? ಇವಳು ಕಾಲು ಮುರಿದ್ರೂ ಏನಿಲ್ಲ ಅನ್ನೋಳು. ದೊಡ್ಡ ಕಾಯಿಲೆ ಇದ್ರೆ ಮುಚ್ಚಿಡ್ತಾಳೆ."

ರಿಪೋರ್ಟು ರಕ್ತ ಕೊಟ್ಟವರಿಗೆ, ಅವರ ಡಾಕ್ಟರಿಗೆ. ಮೂರನೆಯವರಿಗೆ ಹೇಳುವಂತಿಲ್ಲ, ಒಡಹುಟ್ಟಿದವರಾದರೂ ಸರಿ. ಕೆಲಸಕ್ಕೆ ಸೇರಿದ ದಿನವೇ ಕಲಿಸಿದ ಪಾಠ.

ಅವಳು ಹೂಂ ಎಂದು ತಲೆಯಾಡಿಸಿದಳು.

ಗರ್ಭದ ಹಾರ್ಮೋನು ಇದೆ ಎಂದು ಯಂತ್ರ ಹೇಳಿತು. ತುಂಬ ಅಲ್ಲ, ಆದರೆ ಇಲ್ಲ ಎನ್ನುವಷ್ಟು ಕಡಿಮೆಯೂ ಅಲ್ಲ. ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ ಎಂದರು ಅಕ್ಕನ ಡಾಕ್ಟರು. ಅಕ್ಕ ಒಬ್ಬಳೇ ಬಂದು ಮತ್ತೆ ರಕ್ತ ಕೊಟ್ಟು ಹೋದಳು. ಗರ್ಭ ನಿಂತಿದ್ದರೆ ಅಷ್ಟರಲ್ಲಿ ಅದು ಹೆಚ್ಚೂಕಡಿಮೆ ದುಪ್ಪಟ್ಟಾಗಬೇಕು, ಕಳಚಿದ್ದರೆ ಇಳಿಯಬೇಕು. ಇದು ಏರಲಿಲ್ಲ, ಇಳಿಯಲಿಲ್ಲ. ಕೂತ ಜಾಗದಲ್ಲೇ ಕೂತಿತ್ತು.

ಹಾಗೆ ಕೂತ ಅಂಕಿಯನ್ನು ನಂಬಬೇಡಿ ಎಂದು ಲ್ಯಾಬಿನ ಡಾಕ್ಟರಮ್ಮ ಎಷ್ಟೋ ಸಲ ಹೇಳಿದ್ದರು. ರಕ್ತವನ್ನು ತೆಳು ಮಾಡಿ ಮತ್ತೆ ಯಂತ್ರದಲ್ಲಿ ಓಡಿಸಿ ನೋಡಬೇಕು. ಅವಳಿಗೆ ಅದು ನೆನಪಾಯಿತು. ನೆನಪಾಗಲಿಲ್ಲ ಎಂದು ಹೇಳಲು ಬಾಯಿ ಇಲ್ಲ. ನೆನಪಾಗಿ, ಕೈ ಪಿಪೆಟ್ಟಿನವರೆಗೂ ಹೋಗಿತ್ತು. ಆದರೆ ಊಟದ ಹೊತ್ತಾಗಿತ್ತು. ಆ ಹೊತ್ತಿಗೆ ಫೋನ್ ಮಾಡಿ, ಕಾಯುತ್ತಿರುತ್ತೇನೆ ಎಂದಿದ್ದ ಅವನು. ತೆಳು ಮಾಡಲು ಕೂತರೆ ಆ ಹೊತ್ತು ದಾಟಿಹೋಗುತ್ತಿತ್ತು.

ಅವಳು ಪಿಪೆಟ್ ಬಿಟ್ಟು ಫೋನ್ ಎತ್ತಿಕೊಂಡಳು.

"ಹೇಳಿ ಮೇಡಂ. ಅಲ್ಲಾ, ಈ ಮೇಡಂ ಅನ್ನೋದನ್ನ ಬಿಟ್ಬಿಡ್ಲಾ?"

"ಬಿಡಿ."

"ಹಾಗಾದ್ರೆ ನೀವು 'ಬಿಡಿ' ಅನ್ನೋದನ್ನ ಬಿಟ್ಟು 'ಬಿಡು' ಅನ್ಬೇಕು."

ಅವಳು ನಕ್ಕಳು. ಸದ್ದು ಮಾಡಿ ನಕ್ಕಳು. ಆ ನಗು ನಾಲಗೆಯ ಮೇಲಿರುವಾಗಲೇ ಹೇಳಿದಳು: "ಅಕ್ಕನ ರಿಪೋರ್ಟ್ ಬಂತು."

"ಏನಂತೆ? ಥೈರಾಯ್ಡಾ?"

"ಅಲ್ಲ." ಆಗಲಾದರೂ ನಿಲ್ಲಿಸಬಹುದಿತ್ತು. "ಗರ್ಭದ ಹಾರ್ಮೋನ್ ಇದೆ."

ಆ ಕಡೆ ಯಾವುದೋ ಮೋಟಾರು ಗುಂಯ್ ಎನ್ನುತ್ತಿತ್ತು. ಅವನು ಅದನ್ನು ಆರಿಸಿದ.

"ಬೇರೆಯವ್ರದ್ದು ಇರ್ಬೇಕು. ಅದಲು ಬದಲು ಆಗಿರುತ್ತೆ."

"ಎರಡು ಸಲ ನೋಡಿದೀವಿ," ಎಂದಳು ಅವಳು.

ಅವನು ಫೋನ್ ಇಟ್ಟ. ಮತ್ತೆ ಮಾಡಲಿಲ್ಲ.

*

ಈಗ ಹಳದಿ ಚೀಲದ ಬಾಯಿ ಕಟ್ಟಿಟ್ಟು, ಕೈ ತೊಳೆದು, ಅವಳು ಆ ದಿನ ಮಾಡದೆ ಬಿಟ್ಟ ಕೆಲಸಕ್ಕೆ ಕೂತಳು. ಅಕ್ಕನ ರಕ್ತದ ತಿಳಿಯನ್ನು ಅರ್ಧ ತೆಳು ಮಾಡಿದಳು. ಅದರ ಅರ್ಧ, ಮತ್ತೆ ಅದರ ಅರ್ಧ. ನೀರು ಬೆರೆಸಿದಷ್ಟೂ ಹಾಲು ತೆಳುವಾಗುವ ಹಾಗೆ, ಹಾರ್ಮೋನು ನಿಜವಾಗಿ ಇದ್ದರೆ ಅಂಕಿಯೂ ಅರ್ಧರ್ಧ ಇಳಿಯಬೇಕು.

ಇಳಿಯಲಿಲ್ಲ. ಮೊದಲ ಸಲ ಅಂಕಿ ಅಲ್ಲಾಡಲೇ ಇಲ್ಲ. ಮುಂದಿನ ಸಲ ನೆಲವೇ ಇಲ್ಲದವರ ಹಾಗೆ ಒಮ್ಮೆಲೇ ಕುಸಿದು ಸೊನ್ನೆಗೆ ಬಂತು.

ಅವಳು ಎದ್ದು ಡಾಕ್ಟರಮ್ಮನ ಕೋಣೆಗೆ ಹೋದಳು.

ಡಾಕ್ಟರಮ್ಮ ಕನ್ನಡಕ ಮೇಲೆತ್ತಿ ಪರದೆ ನೋಡಿದರು. "ಈಕೆ ಏನು ಕೆಲಸ ಮಾಡ್ತಾರೆ?"

"ಮೊಲ, ಇಲಿ ನೋಡ್ಕೋತಾರೆ. ತುಂಬ ವರ್ಷದಿಂದ."

"ಅಯ್ಯೋ ದೇವರೇ." ಅವರು ಕುರ್ಚಿಗೆ ಒರಗಿದರು. "ನಮ್ಮ ಕಿಟ್ಟಲ್ಲಿ ಎರಡು ಪ್ರತಿಕಾಯ ಇರ್ತವೆ, ಗೊತ್ತಲ್ಲ. ಒಂದು ಹಾರ್ಮೋನಿನ ಒಂದು ತುದಿ ಹಿಡಿಯುತ್ತೆ, ಇನ್ನೊಂದು ಮತ್ತೊಂದು ತುದಿ ಹಿಡಿದು ಬೆಳಕು ಕೊಡುತ್ತೆ. ಎರಡೂ ಪ್ರಾಣಿಗಳಿಂದ ಮಾಡಿದ್ದು. ದಿನಾ ಪ್ರಾಣಿಗಳ ಜೊತೆ ಇದ್ದೂ ಇದ್ದೂ ಈಕೆಯ ರಕ್ತ ಅವಕ್ಕೆ ಎದುರಾಗಿ ತನ್ನದೇ ಪ್ರತಿಕಾಯ ಮಾಡ್ಕೊಂಡಿದೆ. ಅದು ನಡುವೆ ನಿಂತು ಎರಡರ ಕೈಯನ್ನೂ ಹಿಡ್ಕೊಂಡುಬಿಡುತ್ತೆ. ಹಾರ್ಮೋನು ಇಲ್ಲದೇನೇ ಜೋಡಿ ಸೇರುತ್ತೆ. ಯಂತ್ರಕ್ಕೇನು, ಬೆಳಕು ಕಂಡ್ರೆ ಇದೆ ಅನ್ನುತ್ತೆ."

ಆ ಅಡ್ಡಗಾಲು ಪ್ರತಿಕಾಯಗಳನ್ನು ಕಟ್ಟಿಹಾಕುವ ಬೇರೆ ಟ್ಯೂಬಿತ್ತು. ಅದರಲ್ಲಿ ಬೆರೆಸಿ ನೋಡಿದರು. ಬೇರೆ ಕಂಪನಿಯ ಯಂತ್ರವಿರುವ ಲ್ಯಾಬಿಗೂ ಸ್ವಲ್ಪ ಕಳಿಸಿದರು. ಮಾರನೆಯ ದಿನ ಬೆಳಿಗ್ಗೆಯ ಹೊತ್ತಿಗೆ ಎಲ್ಲ ಕಡೆಯಿಂದಲೂ ಒಂದೇ ಉತ್ತರ. ಇಲ್ಲ. ಅಕ್ಕನ ರಕ್ತದಲ್ಲಿ ಅದು ಇಲ್ಲ. ಇರಲೂ ಇಲ್ಲ.

"ಮೂತ್ರದಲ್ಲಿ ನೋಡಿದ್ರೂ ಸಾಕಿತ್ತು," ಡಾಕ್ಟರಮ್ಮ ತಮಗೆ ತಾವೇ ಎಂಬಂತೆ ಹೇಳಿದರು. "ಈ ಪ್ರತಿಕಾಯ ಅಲ್ಲಿಗೆ ಇಳಿಯಲ್ಲ. ಔಷಧಿ ಅಂಗಡಿಯಲ್ಲಿ ಸಿಗೋ ಒಂದು ಪರೀಕ್ಷೆ ಪಟ್ಟಿ ಸಾಕಿತ್ತು. ಇಲ್ಲಾಂದ್ರೆ ನಾಳೆ ಸ್ಕ್ಯಾನಲ್ಲಿ ಗರ್ಭ ಕಾಣ್ದೇ ಇದ್ದಾಗ ಗೆಡ್ಡೆ ಇದೆ ಅಂದ್ಕೊಂಡು ಇಲ್ಲದ ಕಾಯಿಲೆಗೆ ಔಷಧಿ ಶುರು ಮಾಡ್ತಿದ್ರು. ನಾನೂ ಕಣ್ಮುಚ್ಚಿ ಸಹಿ ಹಾಕಿದೀನಿ, ನನ್ನ ಪಾಲೂ ಇದೆ. ಅವರ ಡಾಕ್ಟರಿಗೆ ನಾನೇ ಈಗಲೇ ಹೇಳ್ತೀನಿ." ಆಮೇಲೆ ಇವಳತ್ತ ತಿರುಗಿದರು. "ತೆಳು ಮಾಡಿ ನೋಡ್ಬೇಕು ಅಂತ ನಿಂಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತೆ?"

ಅವಳ ಕಣ್ಣು ತುಂಬಿದವು. "ಮೇಡಂ, ಅವರ ಮನೆಯವರಿಗೆ ನಾನೇ ಫೋನ್ ಮಾಡಿ ಹೇಳಿದೆ. ಆಕೆಗೆ ತಿಳಿಯೋಕೂ ಮೊದಲೇ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಯ್ದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಇದನ್ನೂ ನೀನೇ ಹೋಗಿ ಹೇಳು," ಎಂದರು ಕೊನೆಗೆ. "ಈ ಸಲ ಆಕೆಗೇ ಹೇಳು. ಮುಂದೆ ಯಾವ ಲ್ಯಾಬಿಗೆ ಹೋದ್ರೂ ನನ್ನ ರಕ್ತ ಹೀಗಿದೆ ಅಂತ ಆಕೆ ಮೊದಲೇ ತಿಳಿಸ್ಬೇಕು. ಅದೂ ಹೇಳು."

*

ಅಕ್ಕ ಎಲ್ಲಿದ್ದಾಳೆಂದು ತಿಳಿಯಲು ಅವನ ಅಂಗಡಿಗೇ ಹೋಗಬೇಕಾಯಿತು. ಮೊದಲ ಸಲ ಹೋಗಿದ್ದಳು. ತಗಡಿನ ಶೆಡ್ಡು. ಬಾಗಿಲು ಕಳಚಿದ ಫ್ರಿಜ್ಜುಗಳು ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು ನಿಂತಿದ್ದವು. ಅವನು ತಾಮ್ರದ ಕೊಳವೆಗೆ ಬೆಸುಗೆ ಹಾಕುತ್ತಿದ್ದ. ಅವಳನ್ನು ಕಂಡು ಬೆಂಕಿ ಆರಿಸಿದ. ಕೂರಲು ಒಂದು ಡಬ್ಬ ಒರೆಸಿ ಇಟ್ಟ. ಅವಳು ಕೂರಲಿಲ್ಲ.

ನಿಂತೇ ಎಲ್ಲವನ್ನೂ ಹೇಳಿದಳು. ಮೊಲ, ಇಲಿ, ನಡುವೆ ನಿಂತು ಕೈ ಹಿಡಿಯುವ ಪ್ರತಿಕಾಯ, ಸೊನ್ನೆ. ಹುಟ್ಟಿದಾಗಿನಿಂದ ಒಂದೇ ಉಸಿರಿಗೆ ಅಷ್ಟು ಮಾತನ್ನು ಅವಳು ಆಡಿರಲಿಲ್ಲ.

ಅವನು ಆ ಡಬ್ಬದ ಮೇಲೆ ತಾನೇ ಕೂತುಬಿಟ್ಟ.

"ಇಲ್ಲವೇ ಇಲ್ವಾ?"

"ಇಲ್ಲ. ಇರಲೇ ಇಲ್ಲ."

"ಯಾರು ಅಂತ ಕೇಳ್ದೆ ನಾನು." ಅವನ ದನಿ ಅಂಗೈಯೊಳಗಿಂದ ಬಂತು. "ಯಾರೂ ಇಲ್ಲ ಕಣೋ ಅಂದ್ಳು. ನಕ್ಕಳು ಕೂಡ, ತಮಾಷೆ ಮಾಡ್ತಿದೀನಿ ಅಂದ್ಕೊಂಡು. ನಗಬೇಡ ಅಂದೆ. ಲ್ಯಾಬಲ್ಲಿ ಎರಡು ಸಲ ನೋಡಿದಾರೆ ಅಂದೆ."

ಎರಡು ಸಲ. ಅವಳದ್ದೇ ಮಾತು. ಅವಳ ಬಾಯಿಂದ ಹೊರಟು, ಅವನ ಬಾಯಲ್ಲಿ ಹೋಗಿ, ಅಕ್ಕನಿಗೆ ತಾಗಿತ್ತು.

"ಅದಾದ ಮೇಲೂ ಬಾಯಿ ಮುಚ್ಚಲಿಲ್ಲ ನಾನು," ಅವನು ಹೇಳುತ್ತಲೇ ಇದ್ದ. "ನಾಳೆ ನಾನೊಬ್ಬಳನ್ನ ಈ ಮನೆಗೆ ಕರ್ಕೊಂಡು ಬರ್ಬೇಕು ಅಂತಿದೀನಿ, ಅವಳ ಮುಂದೆ ಹೇಗೆ ತಲೆ ಎತ್ಲಿ ಅಂದೆ. ಅಕ್ಕ ಎದ್ದು ಎರಡು ಸೀರೆ ಮಡಚಿ ಚೀಲಕ್ಕೆ ಹಾಕ್ಕೊಂಡ್ಳು. 'ಕರ್ಕೊಂಡು ಬಾ, ಮನೆ ಖಾಲಿ ಇದೆ' ಅಂದ್ಳು."

ಅವಳು ಆ ಒಬ್ಬಳು ಯಾರು ಎಂದು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಎಷ್ಟು ದಿನದಿಂದ ಆ ಒಂದು ಮಾತಿಗಾಗಿ ಕಿವಿ ತೆರೆದುಕೊಂಡು ಕೂತಿದ್ದಳು. ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ, ಯಂತ್ರ ತಿರುಗುವಾಗ, ಅವನು ಅದನ್ನು ಹೇಗೆ ಹೇಳಿಯಾನು ಎಂದು ತರತರವಾಗಿ ಹೇಳಿಸಿ ನೋಡಿದ್ದಳು. ಒಂದು ಸಲವೂ ಹೀಗೆ ಹೇಳಿಸಿರಲಿಲ್ಲ.

"ನಾನು ಅವತ್ತೇ ತೆಳು ಮಾಡಿ ನೋಡ್ಬಹುದಿತ್ತು," ಎಂದಳು. "ನೋಡ್ಬೇಕು ಅಂತ ಗೊತ್ತಿತ್ತು."

ಅವನು ತಲೆಯೆತ್ತಿದ. "ಮತ್ತೆ ಯಾಕೆ ನೋಡ್ಲಿಲ್ಲ?"

"ನೀನು ಫೋನಿಗೆ ಕಾಯ್ತಿದ್ದೆ."

ಮೊದಲ ಸಲ 'ನೀನು' ಎಂದಿದ್ದಳು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಅದನ್ನು ಎತ್ತಿಕೊಳ್ಳುವ ಧೈರ್ಯ ಮಾಡಲಿಲ್ಲ.

"ನಿನ್ನ ದನಿ ಕೇಳೋಕೆ ಒಂದು ನೆಪ ಬೇಕಿತ್ತು ನಂಗೆ," ಅವಳು ಬೆಸುಗೆಯ ಕಪ್ಪು ಹಿಡಿದ ನೆಲ ನೋಡುತ್ತ ಹೇಳಿದಳು. "ಯಾರ ರಕ್ತ, ಏನು ಸುದ್ದಿ ಅಂತ ಯೋಚನೆ ಮಾಡ್ಲಿಲ್ಲ. ನೆಪ ಸಿಕ್ತು ಅಂತ ಖುಷಿಪಟ್ಟೆ. ಖುಷಿಯಲ್ಲೇ ಹೇಳಿದೆ."

ಅವನು ಎದ್ದು ಹತ್ತಿರ ಬಂದ. ಕೈ ಚಾಚಿದ, ಬೆರಳಿನ ಮಸಿ ನೋಡಿಕೊಂಡು ಹಿಂದೆಗೆದ.

"ನಾನು ಅವತ್ತು ಊಟದ ಡಬ್ಬಿ ತೆರೆದೇ ಇರ್ಲಿಲ್ಲ," ಎಂದ. "ಫೋನ್ ಎಲ್ಲಿ ಜಾರಿ ಬೀಳುತ್ತೋ ಅಂತ ಎರಡೂ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ನಿನ್ನೊಬ್ಬಳದ್ದೇ ತಪ್ಪು ಅನ್ಬೇಡ. ನೀನು ಒಂದು ಅಂಕಿ ಹೇಳ್ದೆ. ಅದನ್ನ ಹೊತ್ಕೊಂಡು ಹೋಗಿ ಅವಳ ಮುಖದ ಮೇಲೆ ಎಸೆದವನು ನಾನು."

ಹೊರಗೆ ಯಾರೋ ಫ್ರಿಜ್ ಆಯಿತೇ ಎಂದು ಕೂಗಿದರು. ಅವನು ನಾಳೆ ಬನ್ನಿ ಎಂದ. ಮತ್ತೆ ಇವಳತ್ತ ತಿರುಗಿದಾಗ, ಮೊದಲ ದಿನ ಮಾಸ್ಕಿನ ಮೇಲಿಂದ ಅವಳ ನಗುವನ್ನು ಹಿಡಿದಿದ್ದನಲ್ಲ, ಅದೇ ಕಣ್ಣು. ನಗು ಹುಡುಕುತ್ತಿರಲಿಲ್ಲ ಅಷ್ಟೇ.

"ಬರ್ತೀಯಾ ಆ ಮನೆಗೆ? ಇಷ್ಟೆಲ್ಲ ಆದ ಮೇಲೂ?"

ಅವಳಿಗೆ ಅಳು ಒತ್ತಿ ಬಂತು. "ಬರ್ತೀನಿ. ಅಕ್ಕ ಬಂದ ಮೇಲೆ. ಅವರನ್ನ ಹೊರಗೆ ಹಾಕಿ ನಾನು ಒಳಗೆ ಕಾಲಿಡಲ್ಲ."

"ಅವಳು ಬರದೇ ಇದ್ರೆ?"

ಅವಳು ಚಪ್ಪಲಿಗೆ ಕಾಲು ತೂರಿಸಿದಳು. "ನಡಿ, ಹೋಗಿ ಕೇಳೋಣ."

*

ಪ್ರಾಣಿಗಳ ಕಟ್ಟಡ ಅಕ್ಕ ಕೆಲಸ ಮಾಡುವ ಸಂಸ್ಥೆಯ ಹಿಂಭಾಗದಲ್ಲಿತ್ತು. ಅದಕ್ಕೆ ಅಂಟಿಕೊಂಡ ಒಂದು ಚಿಕ್ಕ ಕೋಣೆಯಲ್ಲಿ ಅಕ್ಕ ಉಳಿದುಕೊಂಡಿದ್ದಳು. ಕಿಟಕಿಯ ಸರಳಿಗೆ ಅವಳ ಸೀರೆ ಒಣಹಾಕಿತ್ತು. ಇವರು ಹೋದಾಗ ಅಕ್ಕ ಹೊರಕೋಣೆಯ ತೊಟ್ಟಿಯ ಮುಂದೆ ನಿಂತು ಪಂಜರಗಳಿಗೆ ಸಿಕ್ಕಿಸುವ ನೀರಿನ ಬಾಟಲಿ ತೊಳೆಯುತ್ತಿದ್ದಳು. ಒಳಕೋಣೆಯ ಬಾಗಿಲಿನ ಗಾಜಿನಾಚೆ ಸಾಲು ಸಾಲು ಪಂಜರ, ಬಿಳಿ ಮೊಲಗಳು.

ಅಕ್ಕ ತಮ್ಮನನ್ನು ನೋಡಿದಳು. ಆಮೇಲೆ ಇವಳನ್ನು.

"ಬಾರಮ್ಮ. ಅಲ್ಲಿ ಒದ್ದೆ ಇದೆ, ನೋಡ್ಕೊಂಡು ಬಾ."

ಅವಳು ಹೇಳಿದಳು. ಈ ಸಲ ನಿಧಾನವಾಗಿ, ಅಕ್ಕನ ಮುಖ ನೋಡಿ ಹೇಳಿದಳು. ಏನು ತಪ್ಪಾಯಿತು, ಯಾಕೆ ತಪ್ಪಾಯಿತು, ಯಾವ ಪರೀಕ್ಷೆ ಮಾಡದೆ ಬಿಟ್ಟಳು, ಬಿಟ್ಟು ಯಾರಿಗೆ ಫೋನ್ ಮಾಡಿದಳು. ಮುಂದೆ ಎಲ್ಲಿ ರಕ್ತ ಕೊಟ್ಟರೂ ಮೊದಲು ಈ ವಿಷಯ ಹೇಳಬೇಕೆಂಬುದನ್ನೂ ಹೇಳಿದಳು. ಅಕ್ಕ ಬಾಟಲಿ ತೊಳೆಯುತ್ತಲೇ ಕೇಳಿಸಿಕೊಂಡಳು.

"ಹಾಗಾದ್ರೆ ಇದು ನನ್ನ ಮೊಲಗಳು ಮಾಡಿದ ಕೆಲಸ," ಎಂದಳು ಎಲ್ಲ ಮುಗಿದ ಮೇಲೆ. ಒಂದು ಸಣ್ಣ ನಗು ಬಂದು ಹೋಯಿತು. "ಇಷ್ಟು ವರ್ಷ ಕೈ ಗೀರ್ತಾವೆ ಅಂತ ಬಯ್ತಿದ್ದೆ. ಒಳಗೂ ಗೀರಿವೆ ನೋಡು."

"ನನ್ನದು ತಪ್ಪಾಯ್ತು ಅಕ್ಕಾ," ಎಂದಳು ಅವಳು.

"ಆಯ್ತು. ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ ನಾನು. ಆದ್ರೆ ನಿನ್ನ ಮೇಲಿನ ಸಿಟ್ಟು ಇಳಿಯುತ್ತೆ. ನಂಗೂ ನಿಂಗೂ ಏನು ಋಣ? ಒಂದ್ಸಲ ನೋಡಿದ್ದೆ, ಫ್ರಿಜ್ಜಿನ ಬಗ್ಗೆ ಆಡ್ಕೊಂಡಿದ್ದೆ." ಅಕ್ಕ ಬಾಟಲಿ ಕೊಡವಿದಳು. "ಒಳ್ಳೆ ಹುಡುಗಿ ಅನ್ನಿಸ್ತು ಅವತ್ತು. ಈಗಲೂ ಅನ್ಸುತ್ತೆ, ಅದೇ ಕಷ್ಟ."

ಅವನು ಬಾಗಿಲ ಬಳಿಯೇ ನಿಂತಿದ್ದ. "ಅಕ್ಕಾ, ಈಗ ಗೊತ್ತಾಯ್ತು. ನೀನು ಹೇಳಿದ್ದೇ ನಿಜ."

"ಯಾರು ಹೇಳಿದ್ರು?"

"ಅಂದ್ರೆ?"

"ನಿಜ ಅಂತ ನಿಂಗೆ ಯಾರು ಹೇಳಿದ್ರು? ಯಂತ್ರ ಹೇಳ್ತು." ಅಕ್ಕನ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು. "ಮೊದಲು ಯಂತ್ರ ಹೇಳ್ತು ಅಂತ ನಂಬ್ದೆ. ಈಗಲೂ ಯಂತ್ರ ಹೇಳ್ತು ಅಂತ ನಂಬ್ತಿದೀಯ. ನಡುವೆ ನಾನು ಒಂದು ಮಾತು ಹೇಳಿದ್ದೆ ಕಣೋ."

ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ನೀನು ಸ್ಕೂಲಿಗೆ ಚಕ್ಕರ್ ಹಾಕೋಕೆ ಹೊಟ್ಟೆನೋವು ಅನ್ತಿದ್ದೆ. ಕಳ್ಳಾಟ ಅಂತ ಗೊತ್ತಿತ್ತು. ಆದ್ರೂ ಪಕ್ಕ ಕೂತು ಹೊಟ್ಟೆ ನೀವ್ತಿದ್ದೆ. ಒಂದು ವೇಳೆ ನಿಜವಾಗಿದ್ರೆ ಅಂತ. ನಂಗೆ ಆ 'ಒಂದು ವೇಳೆ' ಕೂಡ ಸಿಗ್ಲಿಲ್ವಲ್ಲೋ." ಅಕ್ಕ ಇವಳತ್ತ ತಿರುಗಿದಳು. "ಆ ರಕ್ತಾನ ಎಷ್ಟು ತರ ಪರೀಕ್ಷೆ ಮಾಡಿದೆ ಅಂದೆ ನೀನು?"

"ತೆಳು ಮಾಡಿ ನೋಡ್ದೆ. ಆಮೇಲೆ ಬೇರೆ ಟ್ಯೂಬಲ್ಲಿ. ಆಮೇಲೆ ಬೇರೆ ಯಂತ್ರದಲ್ಲಿ." ಹೇಳುತ್ತ ಹೇಳುತ್ತ ಅವಳ ದನಿ ಉಡುಗಿತು.

"ನೋಡು. ರಕ್ತಕ್ಕೆ ಇಷ್ಟು ಸಲ ಸಿಕ್ತು. ನನ್ನನ್ನ ಇವನು ಒಂದೇ ಸಲ ಕೇಳಿದ."

ತೊಳೆದ ಬಾಟಲಿಗಳನ್ನು ಬುಟ್ಟಿಗೆ ಜೋಡಿಸಿಕೊಂಡು ಅಕ್ಕ ಒಳಕೋಣೆಗೆ ಹೋದಳು. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಪಂಜರದ ಸಾಲಿನ ತುದಿಯಿಂದ ಶುರುಮಾಡಿ, ಒಂದೊಂದೇ ಬಾಟಲಿ ಸಿಕ್ಕಿಸುತ್ತ ಹೊರಟಳು. ಒಂದು ಮೊಲ ಮುಂಗಾಲೆತ್ತಿ ಅವಳ ಕೈ ಮೂಸಿತು.

ಅವನು ಒಳಗೆ ಹೋಗಲು ಒಂದು ಹೆಜ್ಜೆ ಇಟ್ಟು ನಿಂತ. ಅಕ್ಕಾ ಎನ್ನಲು ಬಾಯಿ ತೆರೆದ. ತುಟಿ ಅಲುಗಿತು, ದನಿ ಬರಲಿಲ್ಲ. ಒಳಗೆ ಹುಲ್ಲು ಜಗಿಯುವ ಸದ್ದು. ತೊಟ್ಟಿಯ ನಲ್ಲಿಯನ್ನು ಯಾರೂ ನಿಲ್ಲಿಸಿರಲಿಲ್ಲ, ನೀರು ಸಣ್ಣಗೆ ಹರಿಯುತ್ತಲೇ ಇತ್ತು. ಅವಳು ಹೋಗಿ ನಲ್ಲಿ ನಿಲ್ಲಿಸಿದಳು. ತಿರುಗಿ ಬಂದು, ಅವನ ಪಕ್ಕದಲ್ಲಿ, ಮಸಿಯ ಬೆರಳುಗಳಿಗೆ ತಾಗುವಷ್ಟು ಹತ್ತಿರ ನಿಂತಳು. ತಾಗಲಿಲ್ಲ.

ಅವನಿಂದ ಆಗದು ಎಂದು ಅವಳಿಗೆ ತಿಳಿಯಿತು. ಬಾಗಿಲ ಸಂದಿಯತ್ತ ಬಾಗಿ, ಲ್ಯಾಬಿನಲ್ಲಿ ಯಾರೂ ಎಂದೂ ಕೇಳಿರದಷ್ಟು ಗಟ್ಟಿಯಾಗಿ ಕರೆದಳು.

"ಅಕ್ಕಾ, ಮನೆಗೆ ಬನ್ನಿ."

ಅಕ್ಕ ತಿರುಗಿ ನೋಡದೆ, ಬುಟ್ಟಿಯಿಂದ ಇನ್ನೊಂದು ಬಾಟಲಿ ಎತ್ತಿಕೊಂಡು ಮುಂದಿನ ಪಂಜರದ ಬಾಗಿಲು ತೆರೆದಳು.